ಸರದಿ ತಪ್ಪಿ ಬಂದ ನೀರು

ರಾಯದುರ್ಗದಲ್ಲಿ ಈಶ್ವರಯ್ಯನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಈಶ್ವರಯ್ಯ ಎಂದು ತಿರುಗಿ ಕೇಳುತ್ತಾರೆ. ಕೀ ಈಶ್ವರಯ್ಯ ಎಂದರೆ ಮುಗಿಯಿತು, ಆಡುವ ಮಕ್ಕಳೂ ಕೈ ಹಿಡಿದು ಕರೆದೊಯ್ದು ಬಿಡುತ್ತವೆ. ನಲವತ್ತೊಂದು ವರ್ಷದಿಂದ ಊರಿನ ಅರ್ಧ ಭಾಗಕ್ಕೆ ನೀರು ಬಿಡುತ್ತಿರುವ ಆಸಾಮಿ ಅವನು. ಪುರಸಭೆಯ ಕಾಗದದಲ್ಲಿ ಅವನ ಕೆಲಸಕ್ಕೆ ಏನೋ ಉದ್ದನೆಯ ಹೆಸರಿದೆಯಂತೆ, ಅದನ್ನು ಅವನೇ ಮರೆತಿದ್ದಾನೆ. ಎದೆಯೆತ್ತರದ ಒಂದು ಕಬ್ಬಿಣದ ಸಲಾಕೆ, ಮೇಲೆ ಎರಡು ಕೈಯಲ್ಲಿ ಹಿಡಿಯಲು ಅಡ್ಡಪಟ್ಟಿ, ಕೆಳಗೆ ವಾಲ್ವಿನ ತಲೆಗೆ ಕೂರುವ ಚೌಕದ ಬಾಯಿ. ಅದೇ ಕೀ. ಸೈಕಲ್ಲಿನ ಬಾರಿಗೆ ಅದನ್ನು ಕಟ್ಟಿಕೊಂಡು ಹೊರಟನೆಂದರೆ ಓಣಿಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕೊಡ ತೊಳೆಯಲು ಏಳುತ್ತಿದ್ದರು.

ಹುಟ್ಟಿದ್ದು ಮಾತ್ರ ಟೈಲರ್ ಮನೆಯಲ್ಲಿ. ಈ ಊರಲ್ಲಿ ಯಾವ ಓಣಿಗೆ ಹೋದರೂ ಮಷೀನಿನ ಸದ್ದು, ಯಾವ ಜಗಲಿ ನೋಡಿದರೂ ಜೀನ್ಸ್ ಪ್ಯಾಂಟಿನ ರಾಶಿ. ಹದಿನೆಂಟನೆಯ ವಯಸ್ಸಿಗೆ ಇವನನ್ನೂ ಒಂದು ಶೆಡ್ಡಿಗೆ ಹಾಕಿದರು. ಅಲ್ಲಿ ಬೊಮ್ಮಪ್ಪ ಕಟಿಂಗ್ ಮಾಸ್ತರ್. ಮೊದಲ ವಾರವೇ ಈಶ್ವರಯ್ಯ ಒಂದು ಪ್ಯಾಂಟಿಗೆ ಎರಡೂ ಎಡಗಾಲು ಹೊಲಿದಿಟ್ಟ. ಬೊಮ್ಮಪ್ಪ ಅದನ್ನು ಎತ್ತಿ ಹಿಡಿದು, "ಬಾವಾ, ಇದನ್ನ ತೊಡೋ ಗಿರಾಕಿ ಇನ್ನಾ ಹುಟ್ಟಿಲ್ಲ ನೋಡು" ಎಂದು ಶೆಡ್ಡೆಲ್ಲ ನಗಿಸಿದ. ನಗಿಸಿ ಸುಮ್ಮನಾಗಲಿಲ್ಲ, ಆಮೇಲೆ ತಾನೇ ಓಡಾಡಿ, ಅವರಿವರ ಕೈಕಾಲು ಹಿಡಿದು, ಪುರಸಭೆಯ ನೀರಿನ ಕೆಲಸಕ್ಕೆ ಹಚ್ಚಿದ. ಮುಂದೆ ಈಶ್ವರಯ್ಯ ಗುಮ್ಮಘಟ್ಟದ ಕಡೆಯ ಓಬಮ್ಮನನ್ನು ಮದುವೆಯಾದಾಗ ಆಕೆ ಬೊಮ್ಮಪ್ಪನನ್ನು ಅಣ್ಣ ಎಂದು ಕರೆದಳು. ಹೀಗೆ ಬಾಯಿಮಾತಿನ ಬಾವ ನಿಜವಾದ ಬಾವನಾದ.

ಹೊಲಿಗೆ ಬರದಿದ್ದವನಿಗೆ ನೀರು ಬಂತು. ಬಂತು ಎಂದರೆ ಎಷ್ಟು? ಕೀಯ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದರೆ ಸಾಕು, ನೆಲದೊಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದ. ಎಲ್ಲಿ ಪೈಪು ಒಡೆದಿದೆ, ಯಾರ ಮನೆಯಲ್ಲಿ ಕದ್ದು ಮೋಟಾರು ಹಚ್ಚಿದ್ದಾರೆ, ಯಾರದು ಪ್ಲಾಸ್ಟಿಕ್ ಕೊಡ, ಯಾರದು ಸ್ಟೀಲಿನ ಕೊಡ. ಅವನ ಓಣಿಯ ಸದ್ದುಗಳಲ್ಲಿ ಒಂದು ಮಾತ್ರ ಎಷ್ಟು ಗಲಾಟೆಯಲ್ಲೂ ಗೊತ್ತಾಗುತ್ತಿತ್ತು. ಓಬಮ್ಮ ತವರಿಂದ ತಂದ ತಾಮ್ರದ ಕೊಡ. ಭೈರವಾನಿತಿಪ್ಪದ ಡ್ಯಾಮಿನ ಕೆಳಗಿನ ಊರು ಅವಳದು; ಬರುವಾಗ ಬಸ್ಸಿನ ಮೇಲಿಂದ ಬಿದ್ದು ಕೊಡದ ಹೊಟ್ಟೆ ಒಳಗೆ ಹೋಗಿತ್ತು. ನೀರು ಅರ್ಧ ತುಂಬುವ ಹೊತ್ತಿಗೆ ಆ ತಗ್ಗಿನಿಂದ ಗುಂಯ್ ಎಂದು ಒಂದು ಸದ್ದು ಹೊರಡುತ್ತಿತ್ತು. ಅದು ಕಿವಿಗೆ ಬಿದ್ದರೆ ಈಶ್ವರಯ್ಯ ಕೀಗೆ ಮುಖ ಒತ್ತಿಕೊಂಡು ಒಬ್ಬನೇ ನಗುತ್ತಿದ್ದ.

ಊರಿಗೆ ನೀರು ನಾಲ್ಕು ದಿನಕ್ಕೊಮ್ಮೆ. ಆಫೀಸಿನ ಗೋಡೆಗೆ ನೀರಿನ ನಿಯಮಗಳ ಬೋರ್ಡು ತೂಗುಹಾಕಿದ್ದಾರೆ, ಊರು ಆಂಧ್ರಕ್ಕೆ ಸೇರಿದ್ದರಿಂದ ತೆಲುಗಿನಲ್ಲಿ, ಹನ್ನೆರಡು ನಿಯಮ. ನಳಕ್ಕೆ ಮೋಟಾರು ಹಚ್ಚಬಾರದು. ಬಣ್ಣದ ಬಟ್ಟೆ ತೊಳೆಯಲು ಕುಡಿಯುವ ನೀರು ಬಳಸಬಾರದು. ನಳ ಬೇಡವಾದರೆ ಅರ್ಜಿ ಕೊಟ್ಟು ಕಡಿಸಿಕೊಳ್ಳಬಹುದು. ಬೆಂಕಿ ಬಿದ್ದ ಹೊತ್ತು ಬಿಟ್ಟು ಬೇರೆ ಯಾವ ಕಾರಣಕ್ಕೂ ಸರದಿ ತಪ್ಪಿಸಿ ನೀರು ಬಿಡಬಾರದು. ಆ ಕೊನೆಯ ಮಾತನ್ನು ಬರೆದವರು ಯಾರೋ, ಪುಣ್ಯಾತ್ಮರು, ತಮ್ಮ ಮನೆಯಲ್ಲಿ ಯಾರೂ ಸಾಯುವುದಿಲ್ಲ ಎಂದುಕೊಂಡಿದ್ದರೇನೋ. ಸತ್ತವರಿಗೆ ಸ್ನಾನವಾಗಬೇಕು, ಮಣ್ಣಿಗೆ ಹೋಗಿ ಬಂದವರ ತಲೆಯ ಮೇಲೆ ನೀರು ಬೀಳಬೇಕು. ನಾಲ್ಕು ದಿನ ಕಾಯಿರಿ ಎಂದು ಹೆಣಕ್ಕೆ ಹೇಳಲಾಗುತ್ತದೆಯೇ?

ಅದಕ್ಕೆ ಬೋರ್ಡಿನಲ್ಲಿಲ್ಲದ ಹದಿಮೂರನೆಯ ನಿಯಮ ಒಂದಿತ್ತು. ಸಾವಾದ ಮನೆಯ ಗಂಡಸೊಬ್ಬ ಬಂದು ಈಶ್ವರಯ್ಯನ ಗೇಟಿನ ಹೊರಗೆ ನಿಲ್ಲುತ್ತಿದ್ದ. ಒಳಗೆ ಬರುವಂತಿಲ್ಲ, ಸತ್ತವರ ಹೆಸರು ಹೇಳುವಂತಿಲ್ಲ. "ನೀರು ಬೇಕಾಗೇತ್ರಿ" ಎಂದಷ್ಟೇ ಅನ್ನಬೇಕು. ಈಶ್ವರಯ್ಯ ಒಂದೇ ಪ್ರಶ್ನೆ ಕೇಳುತ್ತಿದ್ದ: "ದೀಪ ಇಟ್ಟೀರೇನು?" ಹೆಣದ ತಲೆಯ ಹತ್ತಿರ ಹಚ್ಚಿಡುವ ದೀಪ ಅದು. ಹ್ಞೂಂ ಎಂದರೆ ಕೀ ತೆಗೆದುಕೊಂಡು ಹೋಗಿ ಆ ಓಣಿಗೆ ಅರ್ಧ ಗಂಟೆ ನೀರು ಬಿಡುತ್ತಿದ್ದ. ಸರದಿ ಇಲ್ಲದ ಹೊತ್ತಿನಲ್ಲಿ ನಳ ಮೊದಲು ಒಂದು ಸಲ ಎದೆಯುಬ್ಬಸದವರಂತೆ ಏದುಸಿರು ಬಿಟ್ಟು, ಕೆಮ್ಮಿ, ಆಮೇಲೆ ಸುರಿಯುತ್ತದೆ. ಆ ಸದ್ದು ಕೇಳಿದ ಕೂಡಲೇ ಉಳಿದ ಮನೆಯವರೆಲ್ಲ ತಮ್ಮ ನಳ ಬಿಗಿಯಾಗಿ ಮುಚ್ಚಿಬಿಡುತ್ತಿದ್ದರು. ಎಷ್ಟೇ ಬರಗಾಲವಿರಲಿ, ಆ ನೀರನ್ನು ಒಂದು ಚೊಂಬೂ ಯಾರೂ ಹಿಡಿಯುತ್ತಿರಲಿಲ್ಲ. ಅದು ಹೋದವರ ನೀರು.

ತಪ್ಪು ನಡೆದದ್ದು ಹೋದ ವರ್ಷ, ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗ.

ಬೆಳಿಗ್ಗೆ ಹತ್ತೂವರೆ. ಈಶ್ವರಯ್ಯ ಮಂಡಕ್ಕಿ ಉಗ್ಗಾಣಿಯ ತಟ್ಟೆ ಮುಂದಿಟ್ಟುಕೊಂಡಿದ್ದ. ಗೇಟಿನ ಹೊರಗೆ ಬೊಮ್ಮಪ್ಪನ ಮಗ ಸಾಯಿಪ್ರಸಾದ್ ಬರಿಗಾಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

"ಮಾವಾ, ನೀರು ಬೇಕಾಗೇತಿ."

ಈಶ್ವರಯ್ಯನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಒಳಗಿಂದ ಓಬಮ್ಮ "ಅಯ್ಯೋ ಅಣ್ಣಾ" ಎಂದು ಕೂಗಿದ್ದು ಕೇಳಿಸಿತು. ಅವನಿಗೆ ಮತ್ತೇನೂ ತೋಚಲಿಲ್ಲ. ಎಂಜಲು ಕೈಯಲ್ಲೇ ಕೀ ಹಿಡಿದು ಸೈಕಲ್ ತುಳಿದ. ನಲವತ್ತು ವರ್ಷ ನೂರಾರು ಮಂದಿಯನ್ನು ಕೇಳಿದ ಆ ಒಂದು ಪ್ರಶ್ನೆಯನ್ನು, ಸತ್ತವನು ಬೊಮ್ಮಪ್ಪ ಎಂಬ ಕಾರಣಕ್ಕೇ ಕೇಳಲು ಮರೆತ. ವಾಲ್ವಿನ ಗುಂಡಿಗೆ ಬಗ್ಗಿ ಇಪ್ಪತ್ತಾರು ಸುತ್ತು ಪೂರ್ತಿ ತಿರುವಿದ. ಬಾವನಿಗೆ ನೀರು ಜೋರಾಗಿ ಬರಲಿ ಎಂದುಕೊಂಡ, ಪಾಪ.

ಅಲ್ಲಿ ದೀಪ ಇಟ್ಟಿರಲಿಲ್ಲ. ಬೊಮ್ಮಪ್ಪನಿಗೆ ಉಸಿರು ನಿಂತಿದ್ದು ನಿಜ, ಹೆಂಗಸರು ಅಳಲು ಶುರುಮಾಡಿದ್ದೂ ನಿಜ, ಸಾಯಿಪ್ರಸಾದ್ ಗಾಬರಿಯಾಗಿ ಓಡಿ ಬಂದಿದ್ದೂ ನಿಜ. ಅವನು ಓಣಿ ದಾಟುವಷ್ಟರಲ್ಲಿ ಮುದುಕ ಒಂದು ಸಲ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟ. ಅಳುತ್ತಿದ್ದವರು ಅಳುವುದೋ ನಗುವುದೋ ತಿಳಿಯದೆ ಕುಳಿತರು. ಆಗ ಅಂಗಳದ ನಳ ಏದುಸಿರು ಬಿಟ್ಟಿತು.

ಬೊಮ್ಮಪ್ಪ ಕೇಳಿಸಿಕೊಂಡ. "ನಮ್ಮ ಸರದಿ ನಾಳಿದ್ದು ಅಲ್ಲೇನು? ಯಾರು ಹೋದ್ರು?" ಎಂದು ಕೇಳಿದ. ಓಣಿಯ ನಳಗಳು ಒಂದೊಂದಾಗಿ ಟಕ್ ಟಕ್ ಎಂದು ಮುಚ್ಚಿಕೊಂಡವು. ಮುಚ್ಚದೆ ಸುರಿಯುತ್ತಿದ್ದದ್ದು ಅವನ ಮನೆಯ ನಳ ಒಂದೇ. ಸುತ್ತ ಕುಳಿತವರ ಮುಖಗಳನ್ನು ಒಂದೊಂದೇ ನೋಡಿದ. ಆಮೇಲೆ ದಿಂಬಿಗೆ ತಲೆ ಕೊಟ್ಟು, "ಹಂಗಾದ್ರ ಹಿಡೀರಿ. ಬಂದ ನೀರು ವ್ಯರ್ಥ ಮಾಡಬ್ಯಾಡ್ರಿ" ಎಂದ.

ಸುದ್ದಿ ತಿಳಿದು ಈಶ್ವರಯ್ಯ ಓಡಿ ಬಂದು ಮಂಚದ ಪಕ್ಕ ಕುಸಿದ. ತಪ್ಪಾಯ್ತು ಬಾವಾ ಎಂದ. ಬೊಮ್ಮಪ್ಪ ಅವನ ಕೈಮೇಲೆ ಕೈ ಇಟ್ಟ. "ಇವತ್ತು ಪ್ರೆಷರ್ ಚಲೋ ಐತಿ ಬಾವಾ" ಎಂದ. ಕುಹಕವಿರಲಿಲ್ಲ ಆ ಮಾತಿನಲ್ಲಿ. ಅಂದು ದೀಪ ಹಚ್ಚುವ ಹೊತ್ತಿಗೆ ಮುಗಿದುಹೋದ. ಬೆಳಿಗ್ಗೆ ಹಿಡಿದಿಟ್ಟ ನೀರಿನಲ್ಲೇ ಸ್ನಾನವಾಯಿತು.

ಊರು ಸುಮ್ಮನಿರುತ್ತದೆಯೇ? ಕೀ ಈಶ್ವರಯ್ಯ ನೀರು ಬಿಟ್ಟು ಬೊಮ್ಮಪ್ಪನನ್ನು ಕಳಿಸಿದ ಎಂದು ಶೆಡ್ಡುಗಳಲ್ಲಿ ಮಾತಾಯಿತು. ಮಾತು ಆಫೀಸಿಗೂ ಹೋಯಿತು. ಅಲ್ಲಿ ಹೊಸ ಇಂಜಿನಿಯರ್ ಗೋವರ್ಧನ್, ಮಡಕಶಿರದ ಕಡೆಯ ರೈತರ ಮನೆಯ ಹುಡುಗ, ಇನ್ನೂ ಮೂವತ್ತು ತುಂಬಿಲ್ಲ, ಕೆಟ್ಟವನಲ್ಲ. ಈಶ್ವರಯ್ಯನನ್ನು ಕೂರಿಸಿ ಚಹಾ ಕೊಡಿಸಿ ಹೇಳಿದ.

"ನೋಡಿ ಈಶ್ವರಯ್ಯನೋರೆ, ನಮ್ಮ ಕಡೇನೂ ಜನ ಸಾಯ್ತಾರೆ, ನಮಗೂ ಗೊತ್ತೈತೆ. ಆದ್ರೆ ಬೋರ್ಡ್‌ನಾಗೆ ಬರ್ದಿರೋದು ಯಾಕೆ? ನಾಳೆ ಯಾರಾನ ಕಂಪ್ಲೇಂಟ್ ಕೊಟ್ರೆ ನಿಮ್ಮ ತಲೆಗೇ ಬರೋದು. ರಿಟೈರ್ ಆಗಾಕೆ ಇನ್ನೊಂದೇ ವರ್ಷ ಅಲ್ವಾ?"

ವಾಲ್ವಿನ ಗುಂಡಿಗಳಿಗೆಲ್ಲ ಮುಚ್ಚಳ, ಮುಚ್ಚಳಕ್ಕೆ ಬೀಗ ಬಂತು. ತೆರೆದಾಗ ಒಂದು ಫೋಟೋ, ಮುಚ್ಚಿದಾಗ ಒಂದು ಫೋಟೋ, ರಿಜಿಸ್ಟರಿನಲ್ಲಿ ಹೊತ್ತು ಮತ್ತು ಕಾರಣ. ಈಶ್ವರಯ್ಯ ಬೇಸರ ಮಾಡಿಕೊಳ್ಳುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನಿಗೆ ಒಳಗೊಳಗೇ ಹಾಯೆನಿಸಿತು, ಇದನ್ನು ಮುಚ್ಚಿಡುವುದೇಕೆ? ಇನ್ನು ಯಾರ ಸಾವನ್ನೂ ತನ್ನ ಕೈಯಲ್ಲಿ ತಿರುವಬೇಕಿಲ್ಲ. ಎಂದೂ ನಿಯಮದ ಹಿಂದೆ ಅಡಗದ ಮನುಷ್ಯ ಅಂದು ಅಡಗಿ ಕುಳಿತ.

ಹೊಸ ಬೀಗ ಬಿದ್ದ ಮೇಲೆ ಮೊದಲು ಬಂದವನು ಆದಿನಾರಾಯಣ. ತಾಯಿ ತೀರಿಕೊಂಡಿದ್ದಳು. ಗೇಟಿನ ಹೊರಗೆ ನಿಂತು ಹೇಳಬೇಕಾದ್ದನ್ನು ಹೇಳಿದ. ಈಶ್ವರಯ್ಯ ತಲೆ ಎತ್ತಲಿಲ್ಲ. "ರೂಲ್ ಬಂದೈತ್ರಿ. ಟ್ಯಾಂಕರ್‌ಗೆ ಹೇಳ್ರಿ" ಎಂದ. ಆದಿನಾರಾಯಣ ತಿರುಗಿ ಹೋದ. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಓಬಮ್ಮ, "ಅದು ನಿಮ್ಮ ನೀರೇನ್ರಿ, ಕೊಡಲ್ಲ ಅನ್ನಾಕ?" ಎಂದಳು.

ಇದಾಗಿ ಹನ್ನೆರಡು ದಿನಕ್ಕೆ, ಮಧ್ಯಾಹ್ನ ಎರಡು ಗಂಟೆಗೆ, ಕೋಟೆಯ ಕೆಳಗಿನ ಓಣಿಯಲ್ಲಿ ನಳಗಳು ಏದುಸಿರು ಬಿಟ್ಟವು. ಸರದಿಯಲ್ಲ. ಹೆಂಗಸರು ರೂಢಿಯಂತೆ ನಳ ಮುಚ್ಚಿ ಬಾಗಿಲಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಯಾರ ಮನೆಯಲ್ಲೂ ಅಳು ಇಲ್ಲ. ಯಾರ ಮನೆಯಲ್ಲೂ ಏನೂ ಆಗಿಲ್ಲ. ನೀರು ಅರ್ಧ ಗಂಟೆ ಇತ್ತು, ನಿಂತಿತು. ಸಂಜೆ ಐದಕ್ಕೆ, ಮೂಲೆಮನೆಯ ಲಕ್ಷ್ಮೀನರಸಪ್ಪ ಚಹಾ ಕುಡಿಯುತ್ತಾ ಕುಳಿತವನು ಲೋಟ ಕೈಯಲ್ಲಿದ್ದಂತೆಯೇ ಹೋಗಿಬಿಟ್ಟ.

ಈಶ್ವರಯ್ಯ ಹೋಗಿ ನೋಡಿದ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ವಾಲ್ವು ಪೂರ್ತಿ ಮುಚ್ಚಿತ್ತು, ಇನ್ನು ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಗೋವರ್ಧನ್ ಬಂದು, ವಾಲ್ವಿನೊಳಗಿನ ಬಿಲ್ಲೆ ಸವೆದಿರುತ್ತದೆ, ಪೈಪಿನಲ್ಲಿ ಗಾಳಿ ಕಟ್ಟಿ ಹಾಗಾಗುತ್ತದೆ ಎಂದು ಹೊಸ ವಾಲ್ವೇ ಹಾಕಿಸಿದ. ಮುಂದಿನ ಸಲ ನೀರು ಬಂದದ್ದು ಬೇರೆ ಓಣಿಗೆ. ಅಲ್ಲಿ ಸಣ್ಣಬಸಪ್ಪನ ಹೆಂಡತಿ ಬೆಳಿಗ್ಗೆ ನಳದ ಸದ್ದು ಕೇಳಿ ಪಕ್ಕದವಳಿಗೆ "ಯಾರಿಗೇನೋ ಅವ್ವಾ" ಎಂದಿದ್ದಳು. ಮೂರು ಗಂಟೆಗೆ ಅವಳಿಗೇ ಆಯಿತು. ಮೂರನೆಯ ಸಲ ಬಂದಾಗ ಈಶ್ವರಯ್ಯ ಅಲ್ಲೇ ಹತ್ತಿರ ಇದ್ದ. ಓಡಿ ಹೋಗಿ ಬೀಗ ತೆಗೆದು, ಮುಚ್ಚಿದ ವಾಲ್ವಿನ ಮೇಲೆ ಕೀ ಇಟ್ಟು ಕಿವಿ ಹಚ್ಚಿದ.

ಒಳಗೆ ಗಾಳಿಯ ಸದ್ದಿರಲಿಲ್ಲ. ಯಾರೋ ನೀರು ಹಿಡಿಯುತ್ತಿದ್ದರು. ಅವಸರವಿಲ್ಲದೆ ಒಂದು ಕೊಡ ತುಂಬಿಸಿ, ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ಇಡುತ್ತಿದ್ದರು. ಓಣಿಯ ನಳಗಳೆಲ್ಲ ಮುಚ್ಚಿದ್ದವು, ಅವನ ಕಣ್ಣೆದುರಿಗೇ ಮುಚ್ಚಿದ್ದರು. ಆದರೂ ಒಳಗೆ ಕೊಡ ತುಂಬುತ್ತಲೇ ಇತ್ತು. ಅವನು ಕೀಯನ್ನು ಅಲ್ಲೇ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದ.

ಊರಿನವರು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಕೇಳಿದರೆ ಕೊಡುವವನಿಲ್ಲ ಎಂದು ಗೊತ್ತಾದ ಮೇಲೆ ನೀರು ಕೇಳುವ ಮೊದಲೇ ಬರತೊಡಗಿದೆ ಎಂದರು. ಈಗ ಹೆಂಗಸರು ಅವನ ಸೈಕಲ್ ಕಂಡರೆ ಕೊಡ ತೊಳೆಯುತ್ತಿರಲಿಲ್ಲ, ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಅದೆಲ್ಲವನ್ನೂ ಅವನು ಸಹಿಸಿಕೊಂಡಿದ್ದ. ಸಹಿಸಲಾಗದೆ ಇದ್ದದ್ದು ಬೇರೆ. ಓಬಮ್ಮನಿಗೆ ಒಂದು ವರ್ಷದಿಂದ ಎದೆಯ ಕಾಯಿಲೆ. ಬಳ್ಳಾರಿಯ ಡಾಕ್ಟರು ಹೃದಯದೊಳಗಿನ ಒಂದು ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಷನ್ ತಡೆಯುವ ದೇಹವಲ್ಲ, ಮಾತ್ರೆಯಲ್ಲೇ ಕಾಪಾಡಿಕೊಳ್ಳಿ ಎಂದಿದ್ದರು. "ಊರ ವಾಲ್ವೆಲ್ಲಾ ತಿರುವೋ ಗಂಡಗ ಹೆಂಡ್ತೀದೊಂದು ತಿರುವಾಕ ಬರಂಗಿಲ್ಲ ನೋಡ್ರಿ" ಎಂದು ಅವಳು ಡಾಕ್ಟರ ಮುಂದೆಯೇ ನಕ್ಕಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ನಗುವ ಉಸಿರೂ ಕಡಿಮೆಯಾಯಿತು. ಎರಡು ತಿಂಗಳಿಂದ ಮಗಳು ಶಿರಿಷಾ ಹಿಡಿದುಕೊಳ್ಳದೆ ಮಂಚದಿಂದ ಇಳಿಯುತ್ತಿರಲಿಲ್ಲ.

ಈಶ್ವರಯ್ಯನಿಗೆ ಒಂದೇ ಭಯ. ಯಾವತ್ತೋ ಒಂದು ದಿನ ತನ್ನ ಅಂಗಳದ ನಳ ಸರದಿ ತಪ್ಪಿ ಏದುಸಿರು ಬಿಟ್ಟರೆ? ಅವಳು ಮಂಚದ ಮೇಲಿಂದ ಅದನ್ನು ಕೇಳಿಸಿಕೊಂಡು, ಬೊಮ್ಮಪ್ಪ ನೋಡಿದ ಹಾಗೆ ತನ್ನ ಮುಖ ನೋಡಿದರೆ? ಅವಳಿಲ್ಲದ ಮನೆಯನ್ನು ಅವನು ನೆನೆಸಿಕೊಳ್ಳಲಾರದೆ ಹೋಗುತ್ತಿದ್ದ. ಕೊನೆಗೆ ಬೋರ್ಡಿನ ನಿಯಮ ನೆನಪಾಯಿತು. ನಳ ಬೇಡವಾದರೆ ಅರ್ಜಿ ಕೊಟ್ಟು ಕಡಿಸಿಕೊಳ್ಳಬಹುದು.

ವಾರ್ಡಿನ ಸಚಿವಾಲಯ ಎಂಬ ಪುಟ್ಟ ಸರ್ಕಾರಿ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಹುಡುಗಿ ಎರಡು ಸಲ ಓದಿದಳು. ಗೋವರ್ಧನ್ ನಕ್ಕುಬಿಟ್ಟ. "ಏನ್ ಈಶ್ವರಯ್ಯನೋರೆ, ಊರಿಗೆಲ್ಲಾ ನೀರು ಬಿಡೋರು ನಿಮ್ಮ ಮನೆ ನಳಾನೇ ಕಿತ್ತಾಕ್ತೀರಾ?" ಎಂದ. ಈಶ್ವರಯ್ಯನ ಮುಖ ನೋಡಿ ನಗು ನಿಲ್ಲಿಸಿ ಸಹಿ ಹಾಕಿದ. ಆವತ್ತೇ ಈಶ್ವರಯ್ಯ ಗೇಟಿನ ಮುಂದೆ ಮೊಣಕಾಲುದ್ದ ಅಗೆದು, ದೊಡ್ಡ ಪೈಪಿನಿಂದ ತನ್ನ ಮನೆಗೆ ಬರುವ ಕವಲನ್ನು ಬಿಚ್ಚಿ, ಆ ಬಾಯಿಗೆ ಸೆಣಬಿನ ಎಳೆ ಸುತ್ತಿದ ಡಮ್ಮಿ ಬಿರಡೆ ಹಾಕಿ, ಬಿಗಿದು, ಮಣ್ಣು ಮುಚ್ಚಿ ತುಳಿದ. ಇನ್ನು ಇಡೀ ಊರಿನ ನೀರು ಒಂದಾಗಿ ಬಂದರೂ ತನ್ನ ಅಂಗಳಕ್ಕೆ ಒಂದು ಹನಿ ಬರುವಂತಿರಲಿಲ್ಲ.

"ನೀರಿಲ್ಲದ ಮನಿ ಮಾಡಿದ್ರಲ್ಲ" ಎಂದಳು ಓಬಮ್ಮ ಮಂಚದಿಂದ. ಕೋಪವಿರಲಿಲ್ಲ.

"ಶಿರಿಷಾ ಮೂಲೆ ನಳದಿಂದ ತರ್ತಾಳ."

"ಯಾಕ ಮಾಡಿದ್ರಿ ಅಂತ ನನಗ ಗೊತ್ತಿಲ್ಲೇನು?" ಎಂದು ಗೋಡೆಯ ಕಡೆ ಮಗ್ಗುಲಾದಳು.

ಆಷಾಢ ಬಂತು. ಊರ ಗುಡ್ಡದ ಮೇಲಿಂದ ಗಾಳಿ ದಿನವಿಡೀ ಬೀಸಿ ಶೆಡ್ಡುಗಳ ತಗಡು ಬಡಿಯುವ ದಿನಗಳು. ಅಂದು ಬೆಳಿಗ್ಗೆ ಶಿರಿಷಾ ಹೊಲಿಗೆಗೆ ಹೋಗಿದ್ದಳು. ಮನೆಯಲ್ಲಿ ನೀರು ಮುಗಿದಿತ್ತು. ಐದೂ ಕೊಡಗಳನ್ನು ಅವಳು ಅಂಗಳದ ಕಟ್ಟೆಯ ಮೇಲೆ ಬೋರಲು ಹಾಕಿದ್ದಳು, ಓಣಿಯ ಸರದಿ ಮಾರನೆಯ ದಿನ. ಹನ್ನೊಂದು ಗಂಟೆಯ ಹೊತ್ತಿಗೆ ಈಶ್ವರಯ್ಯ ಓಬಮ್ಮನಿಗೆ ಗಂಜಿ ಕುಡಿಸಿ ಹೊರಗೆ ಬಂದು ಕುಳಿತ. ಗಾಳಿ ಇದ್ದಕ್ಕಿದ್ದಂತೆ ನಿಂತಿತು.

ಪಕ್ಕದ ಮನೆಯ ನಳ ಏದುಸಿರು ಬಿಟ್ಟಿತು.

ಅದರಾಚೆಯದು, ಎದುರುಮನೆಯದು, ಓಣಿಯ ತುದಿಯದು. ಟಕ್ ಎಂದು ಒಂದು ನಳ ಮುಚ್ಚಿತು. ಟಕ್, ಟಕ್, ಟಕ್. ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲರೂ ಅವನ ಮನೆಯನ್ನೇ ನೋಡುತ್ತಿದ್ದರು. ಅವನ ಅಂಗಳದ ನಳ ಮಾತ್ರ ಒಣಗಿ ಸುಮ್ಮನಿತ್ತು.

"ನೀರು ಬಂತೇನ್ರಿ?" ಎಂದಳು ಓಬಮ್ಮ ಒಳಗಿಂದ.

"ಇಲ್ಲ. ಟ್ಯಾಂಕರ್ ಬಂದೈತಿ."

ಈಶ್ವರಯ್ಯ ಕೀ ಎತ್ತಿಕೊಂಡು ಓಡಿದ. ಹಿಟ್ಟಿನ ಗಿರಣಿಯ ಮುಂದೆ ಅವನ ಓಣಿಯ ವಾಲ್ವು. ಬೀಗ ಭದ್ರವಾಗಿತ್ತು, ಮೇಲೆ ಧೂಳು ಕುಳಿತಿತ್ತು. ಅದನ್ನು ತೆಗೆದು, ಮುಚ್ಚಳ ಸರಿಸಿ, ಕೀ ಹಚ್ಚಿ ಮುಚ್ಚುವ ಕಡೆಗೆ ಮೈಭಾರವೆಲ್ಲ ಹಾಕಿ ತಿರುವಿದ. ಅದು ಆಗಲೇ ಮುಚ್ಚಿತ್ತು. ಇನ್ನು ಮುಚ್ಚಲು ಏನೂ ಉಳಿದಿರಲಿಲ್ಲ. ಬೇರೇನೂ ಮಾಡಲು ತಿಳಿಯದೆ ಕೀಗೆ ಕಿವಿ ಇಟ್ಟ.

ಪ್ಲಾಸ್ಟಿಕ್ ಕೊಡ ಒಂದು ತುಂಬಿತು. ಪಕ್ಕಕ್ಕೆ ಸರಿಯಿತು. ಇನ್ನೊಂದು ಪ್ಲಾಸ್ಟಿಕ್ಕಿನದು. ಆಮೇಲೆ ಸ್ಟೀಲು. ಮತ್ತೊಂದು ಸ್ಟೀಲು. ನಡುನಡುವೆ ಹಿಡಿಯುವವರು ದಣಿವಾರಿಸಿಕೊಳ್ಳುವಂತೆ ಸ್ವಲ್ಪ ಬಿಡುವು. ಐದನೆಯ ಕೊಡಕ್ಕೆ ನೀರು ಬೀಳತೊಡಗಿತು. ಅರ್ಧ ತುಂಬುವ ಹೊತ್ತಿಗೆ ನೆಲದೊಳಗಿಂದ, ಕಬ್ಬಿಣದೊಳಗಿಂದ, ಅವನ ಕಿವಿಯೊಳಗೆ ಗುಂಯ್ ಎಂದಿತು.

ಬೀಗ ಹಾಕಲಿಲ್ಲ, ಫೋಟೋ ತೆಗೆಯಲಿಲ್ಲ. ಈಶ್ವರಯ್ಯ ಮನೆಗೆ ಓಡಿದ.

ಓಬಮ್ಮ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಅಂಗಾಲು ಒದ್ದೆ, ಸೀರೆಯ ಅಂಚು ಒದ್ದೆ. ಅವಳ ಮುಂದೆ ಐದು ಕೊಡ ಸಾಲಾಗಿ ನಿಂತಿದ್ದವು. ಎರಡು ಪ್ಲಾಸ್ಟಿಕ್, ಎರಡು ಸ್ಟೀಲು, ಕೊನೆಗೆ ತಾಮ್ರದ್ದು. ಎಲ್ಲವೂ ಕಂಠದವರೆಗೆ ತುಂಬಿದ್ದವು, ತಾಮ್ರದ ಕೊಡದಲ್ಲಿ ನೀರು ಇನ್ನೂ ಅಲುಗುತ್ತಿತ್ತು.

"ಯಾರು ತಂದಿಟ್ರು?"

"ಯಾರು ತರ್ತಾರ? ಬಂತು, ಹಿಡಿದೆ. ಬಂದ ನೀರು ವ್ಯರ್ಥ ಮಾಡಬಾರದಲ್ರಿ."

ಅವನು ನಳದ ಹತ್ತಿರ ಹೋಗಿ ಬಗ್ಗಿ ನೋಡಿದ. ತಿಂಗಳಿಂದ ನೀರು ಕಾಣದ ನಳದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬಲೆ ಹರಿದಿರಲಿಲ್ಲ. ಅವನು ಅದನ್ನು ಬಹಳ ಹೊತ್ತು ನೋಡಿದ, ಆಮೇಲೆ ನೋಡುವುದನ್ನು ಬಿಟ್ಟು ಅವಳ ಪಕ್ಕ ನೆಲದ ಮೇಲೆ ಕುಳಿತ. ಚಿಕ್ಕ ಹುಡುಗರಂತೆ ಅತ್ತ. ಅವಳು ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟಳು.

"ನಲವತ್ತು ವರ್ಷ ಊರವರಿಗೆಲ್ಲಾ ಬಿಟ್ರಿ. ನಮಗೊಂದು ಸಲ ಬಂದ್ರ ಹೆದರಬೇಕೇನ್ರಿ?"

"ನಾ ಮುಚ್ಚಿದ್ದೆ ಓಬವ್ವಾ. ಎಲ್ಲಾ ಮುಚ್ಚಿದ್ದೆ."

"ಗೊತ್ತೈತಿ" ಎಂದಳು. "ಯಾರನ್ನೂ ಗೇಟಿನ ಹೊರಗ ನಿಲ್ಲಿಸಿ ಕಳಿಸಬ್ಯಾಡ್ರಿ ಇನ್ನ. ಅಷ್ಟ ಸಾಕು."

ಅವನು ಅವಳನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದ. ಶಿರಿಷಾಗೆ ಫೋನು ಮಾಡಿ ಕರೆಸಿಕೊಂಡ. ಆಸ್ಪತ್ರೆಗೆ ಹೋಗೋಣ ಎಂದರೆ ಓಬಮ್ಮ ತಲೆಯಾಡಿಸಿ ಬೇಡವೆಂದಳು. ಮಧ್ಯಾಹ್ನವೆಲ್ಲ ಮಗಳ ಕೈ ಹಿಡಿದುಕೊಂಡು ತವರಿನ ಮಾತಾಡಿದಳು, ಬಸ್ಸಿನ ಮೇಲಿಂದ ಕೊಡ ಬಿದ್ದ ಕಥೆ ಹೇಳಿ ಸಣ್ಣಗೆ ನಕ್ಕಳು. ಸಂಜೆ ಶಿರಿಷಾ ದೇವರ ಮುಂದೆ ದೀಪ ಹಚ್ಚಿ ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಈಶ್ವರಯ್ಯ ತನ್ನ ಕೈಯಿಂದಲೇ ಅವಳ ತಲೆಯ ಹತ್ತಿರ ದೀಪ ಇಟ್ಟ.

ಅವನ ಮನೆಯಿಂದ ಯಾರೂ ಯಾರ ಗೇಟಿಗೂ ಹೋಗಿ ನಿಲ್ಲಬೇಕಾಗಲಿಲ್ಲ. ಓಣಿಯ ಹೆಂಗಸರು, ಎರಡು ಮೂರು ತಿಂಗಳಿಂದ ಅವನ ಅಂಗಳಕ್ಕೆ ಕಾಲಿಡದವರು, ಬಂದು ಆ ಐದು ಕೊಡದ ನೀರಿನಲ್ಲಿ ಅವಳಿಗೆ ಸ್ನಾನ ಮಾಡಿಸಿದರು. ಒಂದು ಚೊಂಬೂ ಉಳಿಯಲಿಲ್ಲ, ಒಂದು ಚೊಂಬು ಕಡಿಮೆಯೂ ಬೀಳಲಿಲ್ಲ.

ದಿನಗಳು ಕಳೆದ ಮೇಲೆ ಅವನು ಗೇಟಿನ ಮುಂದೆ ಅಗೆದು ನೋಡಿದ. ಡಮ್ಮಿ ತಾನು ಬಿಗಿದಂತೆಯೇ ಇತ್ತು, ಸುತ್ತಿದ ಎಳೆಯೂ ಹಾಗೇ ಇತ್ತು, ಸುತ್ತಲಿನ ಮಣ್ಣು ಒಣಗಿ ಪುಡಿಯಾಗಿತ್ತು. ಅದನ್ನು ತೆಗೆದು ಮನೆಯ ಕವಲನ್ನು ಮತ್ತೆ ಜೋಡಿಸಿದ. ಅರ್ಜಿಯನ್ನು ಆಮೇಲೆ ಕೊಟ್ಟ. ಆ ವಾರವೇ ದೊಡ್ಡತಿಮ್ಮಪ್ಪ ಎಂಬವನು ಬಂದು ಗೇಟಿನ ಹೊರಗೆ ಅನುಮಾನಿಸುತ್ತಾ ನಿಂತ. ಅವನು ಬಾಯಿ ತೆರೆಯುವ ಮೊದಲೇ ಈಶ್ವರಯ್ಯ ಎದ್ದು, "ದೀಪ ಇಟ್ಟೀರೇನು?" ಎಂದು ಕೇಳಿ ಕೀ ತೆಗೆದುಕೊಂಡ. ರಿಜಿಸ್ಟರಿನ ಕಾರಣದ ಮನೆಯಲ್ಲಿ 'ಸಾವು, ಅರ್ಧ ಗಂಟೆ' ಎಂದು ದಪ್ಪಗೆ ಬರೆದ. ಗೋವರ್ಧನ್ ಅದನ್ನು ಓದಿ, ಅವನನ್ನು ಒಮ್ಮೆ ನೋಡಿ, ಕೆಳಗೆ ಸಹಿ ಮಾಡಿದ. ಅಂದಿನಿಂದ ಊರಿನ ಯಾವ ಓಣಿಗೂ ನೀರು ತಾನಾಗಿ ಬಂದಿಲ್ಲ.

ಈಶ್ವರಯ್ಯನಿಗೆ ಇನ್ನು ಕೆಲವೇ ತಿಂಗಳ ನೌಕರಿ ಉಳಿದಿದೆ. ಪ್ರತಿ ವಾಲ್ವು ಮುಚ್ಚಿದ ಮೇಲೂ ಒಂದು ಗಳಿಗೆ ಕೀಗೆ ಕಿವಿ ಹಚ್ಚಿ ನಿಲ್ಲುತ್ತಾನೆ. ಮನೆಯಲ್ಲಿ ಸರದಿಯ ದಿನ ಶಿರಿಷಾ ನಾಲ್ಕೇ ಕೊಡ ತುಂಬುತ್ತಾಳೆ. ತಾಮ್ರದ್ದು ಕಟ್ಟೆಯ ಮೇಲೆ ಬೋರಲಾಗಿರುತ್ತದೆ. ಒಂದು ದಿನ ಅವಳು ಮರೆತು ಅದಕ್ಕೆ ಕೈ ಹಾಕಿದಾಗ ಈಶ್ವರಯ್ಯ ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು ಇದ್ದಲ್ಲೇ ಇಟ್ಟ.

"ಇದನ್ನ ಬಿಡವ್ವಾ" ಎಂದ. "ನನ್ನ ಸರದಿ ಬಂದಾಗ ಇದನ್ನ ನಾನೇ ಹಿಡೀತೀನಿ."